ಮಲಾವಿಯ ಶಾಲೆಗಳಲ್ಲಿ ಗಂಜಿ ಬೇಯಿಸುವ ತಾಯಂದಿರು

ಮಲಾವಿಯ ಹಳ್ಳಿಗಳಲ್ಲಿ ಜನವರಿ, ಫೆಬ್ರವರಿ ಎಂದರೆ ಹಸಿವಿನ ಕಾಲ. ನವೆಂಬರಿನಲ್ಲಿ ಮಳೆ ಹಿಡಿದಾಗ ಮೆಕ್ಕೆಜೋಳ ಬಿತ್ತುತ್ತಾರೆ, ಏಪ್ರಿಲ್ ಹೊತ್ತಿಗೆ ಕೊಯ್ಲು. ಬಹಳಷ್ಟು ಕುಟುಂಬಗಳಿಗೆ ಇರುವುದು ಒಂದು ಹೆಕ್ಟೇರಿಗಿಂತ ಕಡಿಮೆ ಹೊಲ. ನೀರಾವರಿ ಇಲ್ಲ, ವರ್ಷಕ್ಕೆ ಒಂದೇ ಬೆಳೆ. ಕಳೆದ ವರ್ಷದ ಕಾಳು ಮುಗಿದಿರುತ್ತದೆ, ಹೊಲದ ತೆನೆ ಇನ್ನೂ ಹಾಲುಗಟ್ಟುತ್ತಿರುತ್ತದೆ. ನಮ್ಮ ಮುದ್ದೆಯನ್ನು ಹೋಲುವ ನ್ಸೀಮ ಅಲ್ಲಿನವರ ನಿತ್ಯದ ಊಟ. ಈ ತಿಂಗಳುಗಳಲ್ಲಿ ಅದು ದಿನಕ್ಕೆ ಒಂದೇ ಹೊತ್ತು ಸಿಕ್ಕರೂ ಹೆಚ್ಚು. ಅಪ್ಪ ಅಮ್ಮ ‘ಗನ್ಯು’ ಎಂಬ ದಿನಗೂಲಿಗೆ ಹೋಗುತ್ತಾರೆ, ಮಕ್ಕಳೂ ಹಿಂದೆ ಹೋಗುತ್ತಾರೆ. 1994ರಿಂದ ಪ್ರಾಥಮಿಕ ಶಾಲೆಗೆ ಶುಲ್ಕವಿಲ್ಲ. ಆದರೂ ಹಸಿದ ಮಗುವನ್ನು ತರಗತಿಯಲ್ಲಿ ಕೂರಿಸಲು ಅದೊಂದೇ ಸಾಲದು.

ಇಂಥ ಊರುಗಳ ಶಾಲೆಗಳಲ್ಲಿ ಇವತ್ತು ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿದಿನ ಒಂದು ಮಗ್ಗು ಬಿಸಿ ಗಂಜಿ ಕುಡಿಯುತ್ತಾರೆ. ಹಿಟ್ಟು ಕೊಡುವುದು ಸ್ಕಾಟ್ಲೆಂಡಿನ ‘ಮೇರೀಸ್ ಮೀಲ್ಸ್’ ಎಂಬ ದತ್ತಿ ಸಂಸ್ಥೆ. ಬೇಯಿಸಿ ಬಡಿಸುವುದು ಸಂಬಳವಿಲ್ಲದೆ ಸರದಿಯ ಮೇಲೆ ಬರುವ ಊರಿನವರೇ, ಅದರಲ್ಲೂ ಹೆಚ್ಚಾಗಿ ತಾಯಂದಿರು ಮತ್ತು ಅಜ್ಜಿಯರು. ಇದು ಇಪ್ಪತ್ತು ವರ್ಷಕ್ಕೂ ಮೀರಿ ಹೇಗೆ ನಡೆದುಕೊಂಡು ಬಂದಿದೆ ಎಂಬುದು ನಾವು ಗಮನಿಸಿ ನೋಡಬೇಕಾದ ವಿಷಯ. ಹೊರಗಿನ ಹಣ ಬಂದು ಹೋದ ಮೇಲೆ ಬೀಗ ಬಿದ್ದ ಕಟ್ಟಡ ಮಾತ್ರ ಉಳಿದ ಯೋಜನೆಗಳು ಎಲ್ಲ ದೇಶಗಳಲ್ಲೂ ಇವೆ.

ಸಂಸ್ಥೆಯ ಮೂಲ 1992ರಲ್ಲಿದೆ. ಡಾಲ್ಮಲಿ ಎಂಬ ಊರಿನ ಮೀನು ಕೃಷಿಕ ಮ್ಯಾಗ್ನಸ್ ಮ್ಯಾಕ್‌ಫರ್ಲೇನ್-ಬ್ಯಾರೋ ಆ ವರ್ಷ ಸಹೋದರನ ಜೊತೆ ಬೋಸ್ನಿಯಾದ ಯುದ್ಧ ಸಂತ್ರಸ್ತರಿಗೆ ಕಂಬಳಿ, ಆಹಾರ ಒಯ್ದರು. ಹತ್ತು ವರ್ಷಗಳ ಬಳಿಕ, 2002ರಲ್ಲಿ, ಮಲಾವಿಯಲ್ಲಿ ಬರಗಾಲ. ಅಲ್ಲಿ ಏಡ್ಸ್‌ನಿಂದ ಸಾವಿನ ಅಂಚಿನಲ್ಲಿದ್ದ ಒಬ್ಬ ತಾಯಿಯ ಗುಡಿಸಲಿಗೆ ಹೋದಾಗ, ನಿನಗೇನು ಬೇಕು ಎಂದು ಅವಳ ಹಿರಿಯ ಮಗನನ್ನು ಕೇಳಿದರು. ಹೊಟ್ಟೆ ತುಂಬ ಊಟ, ಶಾಲೆಗೆ ಹೋಗುವ ಅವಕಾಶ, ಇವೆರಡೇ ಅವನ ಆಸೆಯಾಗಿದ್ದವು. ಎರಡನ್ನೂ ಒಂದೇ ಜಾಗದಲ್ಲಿ ಕೊಟ್ಟರೆ ಹೇಗೆ ಎಂಬ ಯೋಚನೆಯಿಂದ ಸುಮಾರು 200 ಮಕ್ಕಳಿಗೆ ಗಂಜಿ ಶುರುವಾಯಿತು.

ಶಾಲೆಗೆ ಹಿಟ್ಟಿನ ಚೀಲ ಬರುವ ಮುನ್ನವೇ ಅರ್ಧ ಕೆಲಸ ನಡೆದಿರುತ್ತದೆ. ಮಲಾವಿಯ ಹಳ್ಳಿಗಳಲ್ಲಿ ಮುಖಂಡನ ಒಪ್ಪಿಗೆಯಿಲ್ಲದೆ ಯಾವುದೂ ಆಗುವುದಿಲ್ಲ. ಒಂದು ಶಾಲೆಗೆ ಮಕ್ಕಳು ಬರುವುದು ಹಲವು ಹಳ್ಳಿಗಳಿಂದ, ಆದ್ದರಿಂದ ಮುಖಂಡರೂ ಹಲವರು. ಅವರನ್ನು, ಶಿಕ್ಷಕರನ್ನು, ಪೋಷಕರನ್ನು ಕೂರಿಸಿ ಮಾತಾಡುತ್ತಾರೆ. ಹಿಟ್ಟು ಸಂಸ್ಥೆಯದು, ಅಡುಗೆ ನಿಮ್ಮದು. ಸೌದೆ, ನೀರು, ಆಳು ನಿಮ್ಮದು. ಊರು ಇದಕ್ಕೆ ಒಪ್ಪಿದರೆ ಮಾತ್ರ ಮುಂದಿನ ಮಾತು. ಅಡುಗೆಮನೆ, ಉಗ್ರಾಣ ಕಟ್ಟುವಾಗಲೂ ಊರಿನವರ ಶ್ರಮ ಸೇರಿರುತ್ತದೆ. ಇಡೀ ವ್ಯವಸ್ಥೆ ನಿಂತಿರುವುದೇ ಈ ಒಪ್ಪಂದದ ಮೇಲೆ ಎಂದು ನನಗನ್ನಿಸುತ್ತದೆ. ತಾನೇ ಕಟ್ಟಿದ ಉಗ್ರಾಣದಿಂದ ಚೀಲ ಕಾಣೆಯಾದರೆ ಊರು ಸುಮ್ಮನಿರುವುದಿಲ್ಲ, ಯಾರು ಒಯ್ದರು ಎಂದು ಕೇಳುತ್ತದೆ.

ಗಂಜಿಯ ಹೆಸರು ‘ಲಿಕುನಿ ಫಾಲಾ’. ರಾಜಧಾನಿ ಲಿಲಾಂಗ್ವೆ ಪಕ್ಕದ ಲಿಕುನಿ ಎಂಬ ಊರಿನಿಂದ ಬಂದ ಹೆಸರು. ಮೆಕ್ಕೆಜೋಳದ ಹಿಟ್ಟಿಗೆ ಸೋಯಾ ಹಿಟ್ಟು ಬೆರೆಸಿ, ಸಕ್ಕರೆ, ಜೀವಸತ್ವ, ಖನಿಜಾಂಶ ಸೇರಿಸಿದ ಪುಡಿ ಇದು. ಬರೀ ಮೆಕ್ಕೆಜೋಳದಿಂದ ಹೊಟ್ಟೆ ತುಂಬಿದರೂ ಬೆಳೆಯುವ ಮಗುವಿಗೆ ಬೇಕಾದ ಪ್ರೋಟೀನು ಸಾಲದು. ಆ ಕೊರತೆಯನ್ನು ಸೋಯಾ ತುಂಬುತ್ತದೆ. ಪುಡಿ ತಯಾರಾಗುವುದೂ ಮಲಾವಿಯಲ್ಲೇ. ದೇಶದೊಳಗಿನ ರೈತನ ಕಾಳು ದೇಶದೊಳಗಿನ ಗಿರಣಿಗೆ ಹೋಗುತ್ತದೆ. ಹೊರದೇಶದ ಧಾನ್ಯವನ್ನು ಪುಕ್ಕಟೆ ಸುರಿದು ಸ್ಥಳೀಯ ಬೆಲೆ ಬೀಳಿಸುವ ನೆರವಿಗಿಂತ ಇದು ಎಷ್ಟೋ ಮೇಲು.

ಸರದಿಯ ಹೆಂಗಸರು ಬೆಳಕು ಹರಿಯುವ ಮುಂಚೆಯೇ ಶಾಲೆಗೆ ಬರುತ್ತಾರೆ. ಬೋರ್‌ವೆಲ್‌ನಿಂದ ನೀರು ಹೊತ್ತು ತಂದು ಒಲೆ ಹೊತ್ತಿಸುತ್ತಾರೆ. ಇಟ್ಟಿಗೆಯಿಂದ ಕಟ್ಟಿದ, ಕಡಿಮೆ ಸೌದೆ ಉರಿಸುವ ಒಲೆಗಳವು. ಕಾಡು ಕರಗುತ್ತಿರುವ ದೇಶದಲ್ಲಿ ಸೌದೆಯ ಉಳಿತಾಯ ಸಣ್ಣ ಸಂಗತಿಯಲ್ಲ. ದೊಡ್ಡ ಹಂಡೆಗಳಲ್ಲಿ ಗಂಜಿ ಗಂಟಾಗದಂತೆ, ತಳ ಹಿಡಿಯದಂತೆ ಉದ್ದನೆಯ ಮರದ ಹುಟ್ಟಿನಿಂದ ತಿರುವುತ್ತಲೇ ಇರಬೇಕು. ರಟ್ಟೆ ಸೋಲುವ ಕೆಲಸ, ಜೊತೆಗೆ ಹೊಗೆ. ಕೆಳಗಿನ ತರಗತಿಗಳಲ್ಲಿ ಒಬ್ಬ ಶಿಕ್ಷಕರಿಗೆ ನೂರಕ್ಕೂ ಮಿಕ್ಕಿ ಮಕ್ಕಳಿರುವುದು ಅಲ್ಲಿ ಸಾಮಾನ್ಯ. ಅಂಥ ಸಾಲಿಗೆ ಸೌಟಿನಿಂದ ಮಗ್ಗಿಗೆ ಗಂಜಿ ಹಾಕಿ ಮುಗಿಸುವ ಹೊತ್ತಿಗೆ ಬಿಸಿಲೇರಿರುತ್ತದೆ. ಆಮೇಲೆ ಹಂಡೆ ತೊಳೆದು ಮನೆಗೆ, ಇಲ್ಲವೇ ಹೊಲಕ್ಕೆ. ಎಷ್ಟು ಮಕ್ಕಳು ಬಂದರು, ಎಷ್ಟು ಹಿಟ್ಟು ಖರ್ಚಾಯಿತು ಎಂಬ ಲೆಕ್ಕ ಪುಸ್ತಕದಲ್ಲಿರುತ್ತದೆ. ಸಂಸ್ಥೆಯ ಸಂಬಳದ ಮೇಲ್ವಿಚಾರಕರು ಶಾಲೆಯಿಂದ ಶಾಲೆಗೆ ಹೋಗಿ ಅದನ್ನು ಚೀಲಗಳೊಂದಿಗೆ ತಾಳೆ ನೋಡುತ್ತಾರೆ.

ಇಷ್ಟಕ್ಕೆ ಒಂದು ಮಗುವಿಗೆ ವರ್ಷಕ್ಕೆ ತಗಲುವುದು 19 ಪೌಂಡಿನ ಆಸುಪಾಸು ಎಂದು ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಹೇಳಿದೆ. ನಮ್ಮ ಲೆಕ್ಕದಲ್ಲಿ ಸರಿಸುಮಾರು ಎರಡು ಸಾವಿರ ರೂಪಾಯಿ. ಇಷ್ಟು ಅಗ್ಗವಾಗಿರಲು ಮುಖ್ಯ ಕಾರಣ ಆ ಹೆಂಗಸರ ಕೂಲಿ ಯಾವ ಪುಸ್ತಕದಲ್ಲೂ ಇಲ್ಲದಿರುವುದು. ಈ ಮಾತನ್ನು ದಾನ ಕೊಡುವವರು ತಿಳಿದಿರಬೇಕು. ಬಿತ್ತನೆಯ ವಾರದಲ್ಲಿ ಸರದಿ ಬಂದವಳು ಒಂದು ಹೊತ್ತಿನ ಹೊಲದ ಕೆಲಸವನ್ನೋ ಗನ್ಯು ಕೂಲಿಯನ್ನೋ ಬಿಟ್ಟು ಬರುತ್ತಾಳೆ. ಸರದಿ ದೊಡ್ಡದಿದ್ದಷ್ಟೂ ಭಾರ ಹಗುರ: ನೂರು ಮಂದಿ ಹಂಚಿಕೊಂಡರೆ ನಡೆಯುತ್ತದೆ, ಹದಿನೈದೇ ಮಂದಿ ಉಳಿದರೆ ಅವರ ಬೆನ್ನು ಮುರಿಯುತ್ತದೆ.

ನಮ್ಮಲ್ಲೂ ಈ ಪ್ರಶ್ನೆ ಇದೆ. ಕರ್ನಾಟಕದಲ್ಲಿ ಬಿಸಿಯೂಟ ಶುರುವಾದದ್ದೂ 2002ರಲ್ಲೇ, ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಇಲ್ಲಿ ಹಿಂದೆ ನಿಂತದ್ದು ಸರ್ಕಾರ ಮತ್ತು 2001ರ ನವೆಂಬರಿನ ಸುಪ್ರೀಂ ಕೋರ್ಟ್ ಆದೇಶ. ನಮ್ಮ ಅಡುಗೆಯವರಿಗೆ ಗೌರವಧನ ಸಿಗುತ್ತದೆ, ಅದು ಸಾಲದೆಂದು ಅವರು ಬೆಂಗಳೂರಿಗೆ ಬಂದು ಧರಣಿ ಕೂರುತ್ತಾರೆ. ಅವರ ಬೇಡಿಕೆ ನ್ಯಾಯವಾದದ್ದು. ಮಲಾವಿಯ ತಾಯಿಗೆ ಹಾಗೆ ಕೇಳಲು ಎದುರಿಗೆ ಸರ್ಕಾರವೇ ಇಲ್ಲ, ಅವಳ ಮುಂದಿರುವುದು ಒಂದು ದತ್ತಿ ಸಂಸ್ಥೆ. ಅವಳು ಪ್ರೀತಿಯಿಂದ ಬರುತ್ತಾಳೆ ಎನ್ನುವುದು ನಿಜ. ಆ ಪ್ರೀತಿಗೆ ಒಂದು ಬೆಲೆ ಇದೆ ಎನ್ನುವುದೂ ನಿಜ. ಬದಲಿಗೆ ಅವಳಿಗೆ ದಕ್ಕುವುದು, ತನ್ನ ಮಕ್ಕಳ ಒಂದು ಹೊತ್ತಿನ ಚಿಂತೆ ತಪ್ಪಿದ ನೆಮ್ಮದಿ. ಮನೆಯಲ್ಲಿರುವ ಹಿಟ್ಟು ಮಿಕ್ಕವರಿಗೆ ಒಂದೆರಡು ದಿನ ಹೆಚ್ಚು ಬರುತ್ತದೆ.

ವ್ಯವಸ್ಥೆಯ ಗಟ್ಟಿತನ ಗೊತ್ತಾಗುವುದು ಕೆಟ್ಟ ಕಾಲದಲ್ಲಿ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಹಿಟ್ಟನ್ನು ಮನೆಗಳಿಗೇ ಹಂಚಿದರು. 2023ರ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯಲ್ಲಿ ನೂರಾರು ಜೀವ, ಸಾವಿರಾರು ಮನೆ ತೆಗೆದುಕೊಂಡಿತು. ಮರುವರ್ಷ ಎಲ್ ನಿನೋ ಬರ. ಇಂಥ ವರ್ಷಗಳಲ್ಲಿ ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಬಲ್ಲ ಹೆಂಗಸರ ಗುಂಪು ಊರಿನಲ್ಲಿ ಮೊದಲೇ ಇರುವುದು ದೊಡ್ಡ ಬಲ.

ಓದುಗರಲ್ಲಿ ಯಾರಿಗಾದರೂ ಅಲ್ಲಿಗೆ ಹೋಗಿ ಸೌಟು ಹಿಡಿಯುವ ಮನಸ್ಸಾದರೆ, ಆ ಕೆಲಸಕ್ಕೆ ಜನ ಅಲ್ಲೇ ಇದ್ದಾರೆ. ವಿಮಾನದ ಟಿಕೆಟ್ಟಿನ ದುಡ್ಡಿನಲ್ಲಿ ಒಂದು ತರಗತಿಯ ಹತ್ತಾರು ಮಕ್ಕಳಿಗೆ ವರ್ಷಪೂರ್ತಿ ಗಂಜಿ ಸಿಗುತ್ತದೆ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವ ಕನ್ನಡಿಗರು ದಾನ ಕೊಡುವಾಗ ‘ಗಿಫ್ಟ್ ಏಡ್’ ಎಂದು ಗುರುತು ಹಾಕಿದರೆ, ಪ್ರತಿ ಪೌಂಡಿಗೆ 25 ಪೆನ್ಸ್ ಅಲ್ಲಿನ ಸರ್ಕಾರದಿಂದ ಸಂಸ್ಥೆಗೆ ಸೇರುತ್ತದೆ. ಯಾವ ಸಂಸ್ಥೆಗೇ ಕೊಡಿ, ಮೊದಲು ಅದರ ವಾರ್ಷಿಕ ಲೆಕ್ಕಪತ್ರ ತೆರೆದು ನೋಡಿ. ಆಮೇಲೆ, ಅಡುಗೆಗೆ ಎಷ್ಟು ಮಂದಿ ಸರದಿಯಲ್ಲಿದ್ದಾರೆ, ಒಬ್ಬೊಬ್ಬರ ಪಾಳಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದೂ ಬರೆದು ಕೇಳಿ.