ಎರೆಭೂಮಿಯಲ್ಲಿ ಮನೆಯ ತಳಹದಿ

ಕಟ್ಟಡದ ಬುಡಕ್ಕೆ ಕನ್ನಡದಲ್ಲಿ ಹೆಸರುಗಳು ಅನೇಕ. ಅಡಿಪಾಯ, ತಳಹದಿ, ಅಸ್ತಿಭಾರ ಎಂಬವು ಬರವಣಿಗೆಯಲ್ಲಿ ರೂಢವಾದವು. ಬುನಾದಿಯು ಪಾರಸಿಯಿಂದ ಬಂದು ನಮ್ಮದೇ ಆಗಿಹೋಯಿತು. ಮೊದಲು ಇಡುವ ಶಿಲೆಯನ್ನು ಮಾತ್ರ ನಮ್ಮ ಹಿರಿಯರು ಕೆಸರುಗಲ್ಲೆಂದು ಕರೆದರು. ಕಲ್ಲಿನ ಹೆಸರಿನಲ್ಲಿ ಕೆಸರನ್ನು ಮುಂದಿಟ್ಟ ಈ ಪದದ ಔಚಿತ್ಯವು, ಶಬ್ದಗಳನ್ನೇ ಬೋಧಿಸುತ್ತ ಬಂದ ನನಗೆ, ಸ್ವಂತ ಮನೆಗೆ ಒಂದು ಕೋಣೆಯನ್ನು ಕೂಡಿಸಿದ ಮೇಲೆಯೇ ಮನವರಿಕೆಯಾಯಿತು. ನಾನು ಸ್ಥಪತಿಯಲ್ಲ. ಆದರೆ ಈ ಸಂಚಿಕೆಯ ವಾಚಕರಲ್ಲಿ ಉಳಿತಾಯದ ಹಣದಿಂದ ಚಿಕ್ಕ ಮನೆ ಕಟ್ಟಲಿರುವ ಅಧ್ಯಾಪಕರೂ, ಶಾಲೆಗೆ ಕೋಣೆಗಳನ್ನು ಕಟ್ಟಿಸಿಕೊಡುವ ದಾನಿಗಳೂ ಇರುವುದರಿಂದ, ಪೆಟ್ಟು ತಿಂದು ಕಲಿತದ್ದನ್ನು ನಿವೇದಿಸಿಕೊಳ್ಳುತ್ತಿದ್ದೇನೆ.

ನಮ್ಮದು ನವಲಗುಂದ, ನರಗುಂದ, ರೋಣಗಳ ಕಡೆಯ ಕರಿಯ ಎರೆಭೂಮಿ. ತಂದೆಯವರ ಕಾಲದ ಮನೆಗೆ ಎರಡೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. 2011ರಲ್ಲಿ ಭವಿಷ್ಯನಿಧಿಯಿಂದ ಸಾಲ ಪಡೆದು, ಅದರ ಪಕ್ಕಕ್ಕೆ ಇಟ್ಟಿಗೆ ಸಿಮೆಂಟಿನ ಒಂದು ಕೋಣೆಯನ್ನು ಕಟ್ಟಿಸಿದೆ. ಮೂರಡಿ ಅಗೆದು, ಹಳೆಯ ಗೋಡೆಯಲ್ಲಿ ಹಲ್ಲುಗಳನ್ನು ಕೊರೆದು, ಹೊಸ ಗೋಡೆಯನ್ನು ಅದಕ್ಕೆ ಬಿಗಿಯಾಗಿ ಕಚ್ಚಿಸಿದರು. ಎರಡನೆಯ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಓರೆಯಾದ ಬಿರುಕು ಹೊರಟಿತು; ಕೂಡುವೆಡೆಯಲ್ಲಿ ಕೈಬೆರಳು ತೂರುವಷ್ಟು ಸಂದು ಬಿಟ್ಟಿತು. ಗಿಲಾವು ಮಾಡಿಸಿ ಮುಚ್ಚಿದೆ. ಮಳೆಗಾಲದಲ್ಲಿ ಬಾಗಿಲು ಬಿಗಿದುಕೊಂಡಿತು, ಮರುಬೇಸಿಗೆಗೆ ಬಿರುಕು ಅದೇ ಜಾಗದಲ್ಲಿ ಬಾಯ್ದೆರೆಯಿತು. ಬಿರುಕು ಗೋಡೆಯ ರೋಗವಲ್ಲ, ನೆಲದ ಉಸಿರಾಟವೆಂಬುದು ಆಗ ತಿಳಿಯಿತು.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜವು ಹೇರಳವಾಗಿರುತ್ತದೆ. ಅದರ ರಚನೆಯು ತೆಳುವಾದ ಹಾಳೆಗಳನ್ನು ಒತ್ತಾಗಿ ಜೋಡಿಸಿದಂತೆ. ನೀರು ಈ ಹಾಳೆಗಳ ನಡುವೆಯೇ ಹೊಕ್ಕು ಅವನ್ನು ಅಗಲಿಸುವುದರಿಂದ ಮಣ್ಣು ಉಬ್ಬುತ್ತದೆ. ನೀರು ಆರಿದೊಡನೆ ಕುಗ್ಗಿ ಬಿರಿಯುತ್ತದೆ. ಋತುಗಳಿಗೆ ಅನುಸರಿಸಿದ ಈ ಏರಿಳಿತವು ಮೇಲ್ಪದರದಲ್ಲಿ ಹೆಚ್ಚು. ಆಳಕ್ಕೆ ಹೋದಂತೆ ಕುಂದುತ್ತ, ಸುಮಾರು ಮೂರೂವರೆ ಮೀಟರಿನ ಕೆಳಗೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಮೂರಡಿಯ ಪಾಯವೆಂದರೆ ಚಲಿಸುವ ಪದರದ ನಡುವೆಯೇ ಮನೆಯನ್ನು ನಿಲ್ಲಿಸಿದಂತಾಯಿತು. ಸಣ್ಣ ಮನೆಗೆ ಸಣ್ಣ ಪಾಯ ಸಾಕೆಂಬ ಲೋಕರೂಢಿಯು ಇಲ್ಲಿ ತಲೆಕೆಳಗಾಗುತ್ತದೆ. ಭಾರವಾದ ಕಟ್ಟಡವು ಮಣ್ಣಿನ ಉಬ್ಬರವನ್ನು ಕೆಲಮಟ್ಟಿಗಾದರೂ ಅದುಮಿ ಹಿಡಿಯಬಲ್ಲದು. ಹಗುರವಾದ ಒಂದಂತಸ್ತಿನ ಮನೆಯನ್ನು ಅದೇ ಮಣ್ಣು ಅನಾಯಾಸವಾಗಿ ಎತ್ತುತ್ತದೆ. ಹಳೆಯ ಮಣ್ಣಿನ ಗೋಡೆಗಳು ಅಲ್ಪಸ್ವಲ್ಪ ಬಾಗಿ ಸಹಿಸಿಕೊಂಡವು. ಸಿಮೆಂಟಿಗೆ ಆ ದಾಕ್ಷಿಣ್ಯವಿಲ್ಲ.

ಆದುದರಿಂದ ಮೊದಲು ಮಣ್ಣಿನ ಪರೀಕ್ಷೆಯಾಗಬೇಕು. ನಮ್ಮ ವಿಜ್ಞಾನದ ಅಧ್ಯಾಪಕರು ಇದನ್ನು ಪ್ರಯೋಗಶಾಲೆಯಲ್ಲಿಯೇ ಮಾಡಿಯಾರು. ಒಣಗಿಸಿ ನುಣ್ಣಗೆ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಅಳತೆಯ ಗಾಜಿನ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ನೂರು ಮಿಲಿಲೀಟರಿನವರೆಗೆ ತುಂಬಿ, 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದು. ಅದಕ್ಕಿಂತ ನೀರಿನಲ್ಲಿ ಶೇಕಡ 50ಕ್ಕೂ ಮಿಗಿಲಾಗಿ ಉಬ್ಬಿದರೆ ಎಚ್ಚರಿಕೆ ಬೇಕು. ಜೊತೆಗೆ ನಿವೇಶನದಲ್ಲಿ ಒಂದು ಗುಂಡಿ ತೋಡಿ ಎರೆಯ ಆಳವನ್ನು ನೋಡಬೇಕು. ನಾಲ್ಕೈದು ಅಡಿಯಲ್ಲೇ ಗಟ್ಟಿಯಾದ ಗರಸು ಸಿಕ್ಕರೆ ಅದರ ಮೇಲೆಯೇ ಪಾಯವನ್ನು ಕೂರಿಸುವುದು ಎಲ್ಲಕ್ಕಿಂತ ಸುಲಭ.

ಎರೆ ಆಳವಾಗಿದ್ದರೆ ಏನು ಗತಿ? ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು 1950ರ ದಶಕದಲ್ಲಿ ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಇದಕ್ಕೆ ತಕ್ಕ ಉತ್ತರ. ಭಾರತೀಯ ಮಾನಕದಲ್ಲಿ ಅದರ ನಿಯಮಗಳಿವೆ. ಕನ್ನಡದಲ್ಲಿ ಗಡ್ಡೆಗಂಬ ಎಂದರೆ ಅದರ ಆಕಾರವು ಕಣ್ಣಿಗೆ ಕಟ್ಟೀತು. ಕೈಬೈರಿಗೆಯಿಂದ ಕನಿಷ್ಠ ಮೂರೂವರೆ ಮೀಟರ್ ಕೊರೆದು, ತುದಿಯ ಸಮೀಪದಲ್ಲಿ ರಂಧ್ರವನ್ನು ಕಂಬದ ವ್ಯಾಸದ ಸುಮಾರು ಎರಡೂವರೆ ಪಟ್ಟು ಹಿಗ್ಗಿಸಿ, ಕಬ್ಬಿಣದ ಸರಳುಗಳನ್ನಿಳಿಸಿ ಕಾಂಕ್ರೀಟನ್ನು ತುಂಬುತ್ತಾರೆ. ಮೇಲ್ಪದರವು ಉಬ್ಬಿ ಕಂಬವನ್ನು ಕೀಳಲೆಳಸಿದಾಗ, ಕದಲದ ಮಣ್ಣಿನಲ್ಲಿ ಹುದುಗಿದ ಗಡ್ಡೆಯು ಅದನ್ನು ಹಿಡಿದಿಡುತ್ತದೆ. ಕಂಬಗಳ ತಲೆಯ ಮೇಲೆ ತೊಲೆ, ತೊಲೆಯ ಮೇಲೆ ಗೋಡೆ. ತೊಲೆಯ ಅಡಿಗೂ ನೆಲಕ್ಕೂ 80 ಮಿಲಿಮೀಟರಿನಷ್ಟು ತೆರಪನ್ನು ಬಿಡಲೇಬೇಕು. ಕೆಲಸಗಾರರು ಇದನ್ನು ಪೋಲೆಂದು ಬಗೆದು ಮಣ್ಣು ತುಂಬಿಬಿಡುವುದುಂಟು. ಆಗ ನೆಲವು ಉಬ್ಬಿ ತೊಲೆಯನ್ನೇ ಒತ್ತಿ, ಮಾಡಿದ ವೆಚ್ಚವೆಲ್ಲ ವ್ಯರ್ಥವಾಗುತ್ತದೆ.

ಇನ್ನೊಂದು ಮಾರ್ಗವನ್ನು ತೋರಿದವರು ಮುಂಬಯಿ ಐ.ಐ.ಟಿ.ಯ ಪ್ರೊ. ಆರ್. ಕೆ. ಕಟ್ಟಿಯವರು. ಅಂಟುಳ್ಳದ್ದಾದರೂ ಉಬ್ಬದ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪಕ್ಕೆ ಪದರಪದರವಾಗಿ ದಮ್ಮಸ್ಸು ಮಾಡಿದರೆ, ಕೆಳಗಿನ ಎರೆಯ ಉಬ್ಬರವು ಬಹಳಷ್ಟು ತಗ್ಗುತ್ತದೆಂದು ಅವರು ತೋರಿಸಿದರು. ಮಲಪ್ರಭಾ ಕಾಲುವೆಯಲ್ಲಿ ಈ ವಿಧಾನದ ಬಳಕೆಯಾಯಿತು. ಬರಿಯ ಮರಳನ್ನು ತುಂಬುವುದು ಇದಕ್ಕೆ ಸಮನಲ್ಲ. ಮರಳು ನೀರನ್ನು ತಡೆಯದೆ ಕೆಳಗಿನ ಎರೆಗೆ ಉಣಿಸುತ್ತದೆ.

ಹಳೆಯ ಮನೆಗೆ ಹೊಸತನ್ನು ಕೂಡಿಸುವಾಗ ತೊಡಕು ಇಮ್ಮಡಿ. ದಶಕಗಳಿಂದ ಸೂರಿನ ನೆರಳಿನಲ್ಲಿದ್ದ ನೆಲವು ತೇವದ ಒಂದು ಸಮಸ್ಥಿತಿಗೆ ಬಂದಿರುತ್ತದೆ. ಅಂಗಳದ ನೆಲವು ಇನ್ನೂ ಬಿಸಿಲುಮಳೆಗಳಿಗೆ ಕುಣಿಯುತ್ತಿರುತ್ತದೆ. ಇವೆರಡರ ಮೇಲಿನ ಗೋಡೆಗಳನ್ನು ಒಂದಕ್ಕೊಂದು ಕಚ್ಚಿಸುವುದೇ ಅಪಾಯದ ಮೂಲ. ಪಾಯದಿಂದ ಮಾಳಿಗೆಯವರೆಗೆ ಒಂದಂಗುಲದ ನೇರವಾದ ಸಂದನ್ನು ಬಿಟ್ಟು, ಅದುಮಿದರೆ ತಗ್ಗುವ ಮೃದುವಸ್ತುವನ್ನು ತುಂಬಿ, ಮೇಲೆ ಒಂದೇ ಬದಿಗೆ ಮೊಳೆ ಹೊಡೆದ ಪಟ್ಟಿಯಿಂದ ಮರೆಮಾಡಬೇಕು. ಹಳೆಯ ಪಾಯದ ಅಡಿಗಿಂತ ಕೆಳಕ್ಕೆ ಅದರ ಮಗ್ಗುಲಲ್ಲಿ ಉದ್ದವಾಗಿ ತೋಡಲಾಗದು. ತೋಡುವುದು ಅನಿವಾರ್ಯವಾದರೆ ಒಂದೊಂದು ಮೀಟರಿನ ತುಂಡುಗಳಾಗಿ, ನಡುವೆ ನಡುವೆ ಬಿಟ್ಟು ತೋಡಿ, ತುಂಬಿದ ತರುವಾಯವೇ ಮುಂದಿನದಕ್ಕೆ ಕೈಹಚ್ಚಬೇಕು.

ನನ್ನ ಕೋಣೆಯ ವಿಷಯ ಉಳಿಯಿತು. 2016ರಲ್ಲಿ ಬಲ್ಲ ಅಭಿಯಂತರರೊಬ್ಬರು ಬಂದು, ಕಚ್ಚಿಸಿದ ಹಲ್ಲುಗಳನ್ನು ಕತ್ತರಿಸಿ ಎರಡು ಗೋಡೆಗಳನ್ನೂ ಬೇರ್ಪಡಿಸಿದರು. ಬಚ್ಚಲಿನ ನೀರು ಗೋಡೆಯ ಬುಡದಲ್ಲೇ ಇಂಗುತ್ತಿತ್ತು. ಅದನ್ನು ಕೊಳವೆಯಿಂದ ದೂರ ಸಾಗಿಸಿ, ಮನೆಯ ಸುತ್ತ ಹೊರಕ್ಕೆ ಇಳಿಜಾರಾಗಿ ನಾಲ್ಕಡಿ ಅಗಲದ ಕಲ್ಲುಹಾಸನ್ನು ಹಾಕಿಸಿದರು. ಬೇವಿನ ಮರವು ಗೋಡೆಗೆ ಎಂಟು ಅಡಿ ದೂರದಲ್ಲಿದೆ. ಅದರ ಬೇರುಗಳು ಬೇಸಿಗೆಯಲ್ಲಿ ತೇವವನ್ನು ಹೀರುತ್ತವೆಂದು ಅವರು ಆಕ್ಷೇಪಿಸಿದರಾದರೂ, ಕಡಿಸಲು ನನ್ನ ತಾಯಿಯವರು ಒಪ್ಪಲಿಲ್ಲ. ಆ ಬದಿಯ ಗೋಡೆಯಲ್ಲಿ ಈಗಲೂ ಏಪ್ರಿಲ್ ತಿಂಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಳ್ಳುತ್ತದೆ. ಉಳಿದ ಮೂರು ಗೋಡೆಗಳು ಸುಸ್ಥಿತಿಯಲ್ಲಿವೆ.