ನಿಮ್ಮ ಮಗು ಎಲ್ಲಿ ಮಲಗುತ್ತದೆ?

ನಿದ್ರೆ ಅಲ್ಲಾಹನ ಮಹಾ ಅನುಗ್ರಹಗಳಲ್ಲೊಂದು. ಪವಿತ್ರ ಕುರ್‌ಆನ್ ನಿದ್ರೆಯನ್ನು ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಎಣಿಸಿದೆ (ಅರ್ರೂಮ್: 23). ಈ ಅನುಗ್ರಹದ ಬೆಲೆ ನಿಜವಾಗಿ ಅರಿವಾಗುವುದು ಮನೆಯಲ್ಲಿ ನಿದ್ರೆ ಮಾಡದ ಮಗುವೊಂದು ಇದ್ದಾಗ. ಹತ್ತು ಗಂಟೆಗೆ ಮಲಗಿಸಿದರೆ ಹನ್ನೊಂದಕ್ಕೆ ಎದ್ದು ಕೂರುತ್ತದೆ. ನಡುರಾತ್ರಿ ಅಳುತ್ತದೆ, ಹೊರಳಾಡುತ್ತದೆ, ಹೊದಿಕೆಯನ್ನು ಒದೆಯುತ್ತದೆ. ಸುಬ್‌ಹ್ ನಮಾಝ್‌ಗೆ ಏಳುವ ತಾಯಿಯ ಕಣ್ಣು ಉರಿಯುತ್ತಿರುತ್ತದೆ. ಹಗಲಿಡೀ ತಲೆಭಾರ, ಸಣ್ಣ ಮಾತಿಗೂ ಸಿಡುಕು. ಮಗುವಿಗಂತೂ ‘ಹಠಮಾರಿ’ ಎಂಬ ಹೆಸರು ಖಾಯಂ ಆಗಿಬಿಡುತ್ತದೆ.

ಇಂತಹ ಮನೆಗೆ ಸಲಹೆಗಳಿಗೇನೂ ಕೊರತೆಯಿಲ್ಲ. ಅತ್ತೆ ದೃಷ್ಟಿಯಾಗಿದೆ ಎನ್ನುತ್ತಾರೆ. ನೆರೆಮನೆಯವರು ಹೊಟ್ಟೆ ತುಂಬಿಲ್ಲ ಎನ್ನುತ್ತಾರೆ. ಎರಡೇಟು ಕೊಟ್ಟರೆ ಸರಿಯಾದೀತು ಎನ್ನುವವರೂ ಇದ್ದಾರೆ. ಎಲ್ಲರೂ ನೋಡುವುದು ಮಗುವನ್ನೇ. ಆ ಮಗು ಮಲಗುವ ಜಾಗದ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ.

ಮಲಗಿದ್ದು ಒಂದು ಕಡೆ, ಎದ್ದದ್ದು ಇನ್ನೊಂದು ಕಡೆ

ಯಾರೂ ರಾತ್ರಿಯಿಡೀ ಒಂದೇ ಸಮನೆ ಗಾಢವಾಗಿ ನಿದ್ರಿಸುವುದಿಲ್ಲ. ಗಾಢ ನಿದ್ರೆ, ಹಗುರ ನಿದ್ರೆ, ಕನಸಿನ ನಿದ್ರೆ ಎಂಬ ಹಂತಗಳು ಸುತ್ತು ಸುತ್ತಾಗಿ ಬರುತ್ತವೆ. ಕೂಸುಗಳಲ್ಲಿ ಒಂದು ಸುತ್ತು ಸುಮಾರು 50ರಿಂದ 60 ನಿಮಿಷ, ದೊಡ್ಡವರಲ್ಲಿ ಸುಮಾರು 90 ನಿಮಿಷ. ಒಂದು ಸುತ್ತು ಮುಗಿದಾಗ ನಾವೆಲ್ಲರೂ ಅರೆಗಳಿಗೆ ಎಚ್ಚರವಾಗುತ್ತೇವೆ. ದಿಂಬು ಅಲ್ಲಿಯೇ ಇದೆ, ಗೋಡೆ ಅಲ್ಲಿಯೇ ಇದೆ ಎಂದು ತಿಳಿದೊಡನೆ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಬೆಳಗ್ಗೆ ಅದರ ನೆನಪೂ ಇರುವುದಿಲ್ಲ.

ಈಗ ಮಗುವಿನ ವಿಷಯ ನೋಡಿ. ಅದು ನಿದ್ದೆ ಹೋದದ್ದು ಹಜಾರದಲ್ಲಿ, ಅಜ್ಜಿಯ ತೊಡೆಯ ಮೇಲೆ, ಟಿ.ವಿ.ಯ ಬೆಳಕಿನಲ್ಲಿ. ಆಮೇಲೆ ಯಾರೋ ಎತ್ತಿಕೊಂಡು ಹೋಗಿ ಕತ್ತಲ ಕೋಣೆಯ ಮಂಚದ ಮೇಲೆ ಮಲಗಿಸಿದರು. ಒಂದು ಗಂಟೆಯ ಬಳಿಕ ಅರೆಎಚ್ಚರವಾದಾಗ ಅಜ್ಜಿಯಿಲ್ಲ, ಬೆಳಕಿಲ್ಲ, ಜಾಗವೂ ಅದಲ್ಲ. ನೀವು ಹಜಾರದಲ್ಲಿ ಮಲಗಿ ಅಂಗಳದಲ್ಲಿ ಎಚ್ಚರವಾದರೆ ಸುಮ್ಮನಿರುವಿರಾ? ಮಗುವೂ ಸುಮ್ಮನಿರುವುದಿಲ್ಲ. ಅದನ್ನು ನಾವು ಹಠ ಎನ್ನುತ್ತೇವೆ.

ಆದ್ದರಿಂದ ಮೊದಲ ಸೂತ್ರ ಇಷ್ಟೇ. ಮಗು ಎಲ್ಲಿ ಎಚ್ಚರವಾಗಬೇಕೋ ಅಲ್ಲಿಯೇ ಅದು ನಿದ್ದೆ ಹೋಗಬೇಕು. ಕಣ್ಣು ಮುಚ್ಚಿಕೊಳ್ಳುವ ಮೊದಲೇ, ತೂಕಡಿಸುತ್ತಿರುವಾಗಲೇ ಅದನ್ನು ಅದರ ಜಾಗಕ್ಕೆ ಕರೆದುಕೊಂಡು ಹೋಗಿ. ನಿದ್ದೆ ಹಿಡಿಯುವಾಗ ಇದ್ದ ಬೆಳಕು, ಫ್ಯಾನಿನ ಸದ್ದು, ಹೊದಿಕೆ ನಡುರಾತ್ರಿಯಲ್ಲೂ ಹಾಗೆಯೇ ಇರಲಿ. ಅನೇಕ ಮಕ್ಕಳ ಸಮಸ್ಯೆ ಇಷ್ಟರಲ್ಲೇ ಅರ್ಧ ಕಡಿಮೆಯಾಗುತ್ತದೆ.

ಜಾಗ ಕಳೆದುಕೊಳ್ಳುವ ಮಕ್ಕಳು

ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಸುಲಭವಾಗಿ ಜಾಗ ಬಿಟ್ಟುಕೊಡಬೇಕಾದವರು ಮಕ್ಕಳು. ನೆಂಟರು ಬಂದರೆ ಮಗುವಿನ ಹಾಸಿಗೆ ಅವರಿಗೆ. ಹೊಸ ಕೂಸು ಬಂದರೆ ದೊಡ್ಡ ಮಗು ಉಮ್ಮನ ಪಕ್ಕದಿಂದ ಗೋಡೆಯ ಕಡೆಗೆ. ಮದುವೆಯೋ ಸಮಾರಂಭವೋ ಇದ್ದರೆ ಎಲ್ಲೆಂದರಲ್ಲಿ.

ಕರಾವಳಿಯ ಎಷ್ಟೋ ಮನೆಗಳಲ್ಲಿ ಇನ್ನೊಂದು ಸಂದರ್ಭವಿದೆ. ತಂದೆ ಗಲ್ಫ್‌ನಲ್ಲಿ ದುಡಿಯುತ್ತಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಜೆಯಲ್ಲಿ ಬರುತ್ತಾರೆ. ಅಷ್ಟೂ ದಿನ ತಾಯಿಯ ಪಕ್ಕದಲ್ಲಿ ಮಲಗುತ್ತಿದ್ದ ಮಗುವನ್ನು ಅವರು ಬಂದ ರಾತ್ರಿಯೇ ಅಜ್ಜಿಯ ಕೋಣೆಗೆ ಕಳುಹಿಸಲಾಗುತ್ತದೆ. ತಂದೆಯನ್ನು ಕಾಣಲು ಹಂಬಲಿಸುತ್ತಿದ್ದ ಮಗುವಿಗೆ ಅವರು ತನ್ನ ಜಾಗ ಕಿತ್ತುಕೊಂಡವರಂತೆ ತೋರಿದರೆ ಆಶ್ಚರ್ಯವಿಲ್ಲ. ಎರಡು ತಿಂಗಳು ಕಳೆದು ಅವರು ಮರಳಿದ ಮೇಲೆ ಮಗು ಮತ್ತೆ ತಾಯಿಯ ಪಕ್ಕಕ್ಕೆ. ಹೀಗೆ ಅತ್ತಿತ್ತ ಎಸೆಯಲ್ಪಟ್ಟ ಮಗು ನಿದ್ದೆಯಲ್ಲಿ ಬೆಚ್ಚಿಬೀಳುವುದನ್ನು ಕಂಡು ನಾವು ತಾಯಿತ ಹುಡುಕುತ್ತೇವೆ!

ಪರಿಹಾರ ನಿಮ್ಮ ಕೈಯಲ್ಲೇ ಇದೆ. ಪತಿ ಬರುವ ಒಂದೆರಡು ತಿಂಗಳ ಮೊದಲೇ ಮಗುವಿಗೆ ಅದರದೇ ಒಂದು ಜಾಗವನ್ನು ರೂಢಿ ಮಾಡಿಸಿ. ಅದೇ ಕೋಣೆಯ ಇನ್ನೊಂದು ಮೂಲೆಯಾಗಲಿ, ಅಜ್ಜಿಯ ಮಂಚದ ಬದಿಯಾಗಲಿ. ಅಬ್ಬಾ ಬಂದ ಮೇಲೆ ಮಲಗುವ ಮುಂಚಿನ ಕಾಲು ಗಂಟೆ ಅವರೇ ಮಗುವಿನ ಪಕ್ಕದಲ್ಲಿ ಕುಳಿತು ಮಾತಾಡಲಿ. ಆಗ ತಂದೆ ಬಂದದ್ದು ಮಗುವಿಗೂ ಸಂತೋಷದ ವಿಷಯವಾಗುತ್ತದೆ. ಅಬ್ಬಾ ಮರಳಿದ ಮೇಲೂ ಮಗುವಿನ ಜಾಗ ಬದಲಾಗದಿರಲಿ. ನೆಂಟರು ಬಂದಾಗ ಹಾಸಿಗೆ ಬಿಟ್ಟುಕೊಡುವುದು ಅನಿವಾರ್ಯವಾದರೆ ಮಗುವಿನ ದಿಂಬು, ಹೊದಿಕೆಗಳನ್ನಾದರೂ ಅದರ ಜೊತೆಗೇ ಕಳುಹಿಸಿ. ತವರಿಗೆ ಹೋಗುವಾಗಲೂ ಆ ಹೊದಿಕೆ ಚೀಲದಲ್ಲಿರಲಿ. ಪರಿಚಿತ ವಾಸನೆ ಮಗುವಿಗೆ ದೊಡ್ಡ ಧೈರ್ಯ.

ಒಂದು ವಾರ ಗಮನಿಸಿ

ಮಗುವಿನ ಜಾಗ ನಿರ್ಧರಿಸುವ ಮೊದಲು ಒಂದು ವಾರ ಸುಮ್ಮನೆ ಗಮನಿಸಿ. ಎಷ್ಟು ಹೊತ್ತಿಗೆ ಏಳುತ್ತದೆ? ಆಗ ಬೆವತಿರುತ್ತದೆಯೇ, ಮೈ ಕೆರೆದುಕೊಳ್ಳುತ್ತದೆಯೇ, ಒದ್ದೆ ಮಾಡಿಕೊಂಡಿದೆಯೇ? ಮಗು ಮಲಗುವಲ್ಲಿ ನೀವೇ ಒಂದು ರಾತ್ರಿ ಮಲಗಿ ನೋಡಿ. ಅಡುಗೆ ಮನೆಯ ಬೆಳಕು ನೇರ ಕಣ್ಣಿಗೆ ಬೀಳುವುದು, ಕಿಟಕಿಯ ಪರದೆಯ ನೆರಳು ಗೋಡೆಯ ಮೇಲೆ ಆಡುವುದು ನಿಮಗೆ ಆಗ ತಿಳಿಯುತ್ತದೆ. ಮೂರು ವರ್ಷ ದಾಟಿದ ಮಗುವಾದರೆ ಅದನ್ನೇ ಕೇಳಿ. “ಎಲ್ಲಿ ಮಲಗಿದರೆ ನಿನಗೆ ಹಿತ?” ಎಂದು ಕೇಳಿದರೆ ಮಕ್ಕಳು ಸ್ಪಷ್ಟವಾಗಿ ಹೇಳುತ್ತವೆ. ಕೆಲವಕ್ಕೆ ಗೋಡೆಗೆ ಒರಗಿದರೆ ಹಿತ, ಕೆಲವಕ್ಕೆ ಬಾಗಿಲು ಕಾಣುತ್ತಿದ್ದರೆ ಧೈರ್ಯ.

ಶಾಖ: ನಿದ್ದೆ ಹತ್ತುವಾಗ ದೇಹದ ಒಳಗಿನ ಶಾಖ ತುಸು ಇಳಿಯುತ್ತದೆ. ಸೆಕೆಯಲ್ಲಿ ಅದು ಇಳಿಯಲಾರದು. ಕಾಂಕ್ರೀಟ್ ತಾರಸಿ ಹಗಲು ಹೀರಿದ ಬಿಸಿಲನ್ನು ರಾತ್ರಿ ಕೋಣೆಯೊಳಕ್ಕೆ ಬಿಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಮೇಲಂತಸ್ತಿಗಿಂತ ಕೆಳಗಿನ ಕೋಣೆ, ಮಂಚಕ್ಕಿಂತ ನೆಲದ ಹಾಸಿಗೆ ಮಗುವಿಗೆ ಹಿತ. ಮಗುವಿಗೆ ಸೆಕೆಯೋ ಚಳಿಯೋ ತಿಳಿಯಲು ಅಂಗೈ ಮುಟ್ಟಬೇಡಿ, ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ.

ಬೆಳಕು: ಕತ್ತಲಾದಂತೆ ನಮ್ಮ ಮೆದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನ್ ಸ್ರವಿಸಿ ನಿದ್ದೆಗೆ ದಾರಿ ಮಾಡುತ್ತದೆ. ಟ್ಯೂಬ್‌ಲೈಟಿನ ಬೆಳಕು, ಮೊಬೈಲಿನ ಬೆಳಕು ಅದನ್ನು ತಡೆಯುತ್ತವೆ. ಕತ್ತಲಿಗೆ ಹೆದರುವ ಮಗುವಿಗೆ ಮಂದವಾದ ಕೆಂಪು ಅಥವಾ ಹಳದಿ ದೀಪ ಸಾಕು. ಅದು ರಾತ್ರಿಯಿಡೀ ಉರಿಯುತ್ತಿರಲಿ, ನಡುವೆ ಆರಿಸಬೇಡಿ.

ಸದ್ದು: ಮಲಗುವ ಕೋಣೆಯಲ್ಲಿ ನಿರಂತರ ಸದ್ದು 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ತಿಳಿಸಿತ್ತು. ಅದು ಸುಮಾರು ಪಿಸುಮಾತಿನಷ್ಟು. ಪೇಟೆಯ ಮನೆಗಳಲ್ಲಿ ಇದು ಕಷ್ಟವೇ. ಆದರೆ ಹಜಾರದ ಟಿ.ವಿ.ಯ ಸದ್ದು ತಗ್ಗಿಸುವುದು, ರಸ್ತೆ ಬದಿಯ ಕಿಟಕಿಯಿಂದ ಹಾಸಿಗೆಯನ್ನು ದೂರ ಸರಿಸುವುದು ಕಷ್ಟವಲ್ಲ.

ಸೊಳ್ಳೆ: ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಉರಿಸಿದರೆ ಆ ಹೊಗೆ ಮಗುವಿನ ಎದೆಗೆ ಹೋಗುತ್ತದೆ. ಸೊಳ್ಳೆಪರದೆಯೇ ಒಳ್ಳೆಯದು. ಅದರ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ಡೆಂಗ್ಯೂ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಆದ್ದರಿಂದ ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು.

ಹಾಸಿಗೆ ದುಬಾರಿಯಾಗಬೇಕಿಲ್ಲ

ಮಗುವಿಗೆ ಪ್ರತ್ಯೇಕ ಕೋಣೆ, ಅಲಂಕಾರದ ಮಂಚ ಇಲ್ಲವೆಂದು ಕೊರಗಬೇಡಿ. ಪ್ರವಾದಿ(ಸ)ರವರ ಹಾಸಿಗೆ ಖರ್ಜೂರದ ನಾರು ತುಂಬಿದ ಚರ್ಮದ್ದಾಗಿತ್ತೆಂದು ಹ. ಆಯಿಶಾ(ರ) ತಿಳಿಸಿದ್ದಾರೆ (ಬುಖಾರಿ, ಮುಸ್ಲಿಮ್). ಒಂದು ಚಾಪೆ, ಅದರ ಮೇಲೆ ಸಮತಟ್ಟಾದ ಹತ್ತಿಯ ಹಾಸಿಗೆ, ಒಗೆದ ಹಳೆಯ ಹತ್ತಿ ಸೀರೆಯ ಹೊದಿಕೆ ಇದ್ದರೆ ಸಾಕು. ಅದು ಶುಚಿಯಾಗಿರಬೇಕು ಮತ್ತು ದಿನವೂ ಅಲ್ಲೇ ಇರಬೇಕು.

ಮಲಗುವ ಮೊದಲು ಹಾಸಿಗೆಯನ್ನು ಕೊಡವಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ಚರ್ಯೆಯನ್ನು ಮಗುವಿನ ಕೈಯಿಂದಲೇ ಮಾಡಿಸಿ. ಮಳೆಗಾಲದಲ್ಲಿ ಹಾಸಿಗೆಗೆ ತೇವ ಹಿಡಿದು ಬೂಷ್ಟು ಬರುತ್ತದೆ, ಧೂಳಿನ ನುಸಿ ಹೆಚ್ಚುತ್ತದೆ. ಮಗುವಿನ ಮೂಗು ಕಟ್ಟಿ ನಿದ್ದೆ ಕೆಡಲು ಇದೂ ಕಾರಣ. ಬಿಸಿಲು ಕಂಡ ದಿನ ಹಾಸಿಗೆ, ದಿಂಬುಗಳನ್ನು ಒಣಗಿಸಿ. ಹೊದಿಕೆಗಳನ್ನು ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಒಗೆಯಿರಿ. ಐದಾರು ವರ್ಷದ ಮಕ್ಕಳು ನಿದ್ದೆಯಲ್ಲಿ ಮೂತ್ರ ಮಾಡುವುದು ಅಪರೂಪವಲ್ಲ. ಗದರಿಸದೆ ಹಾಸಿಗೆಯ ಮೇಲೆ ರಬ್ಬರ್ ಶೀಟ್ ಹಾಸಿ.

ಬೇಸಿಗೆಯಲ್ಲಿ ತಾರಸಿಯ ಮೇಲೆ ಮಲಗುವವರಿಗೆ ಒಂದು ಎಚ್ಚರಿಕೆ. ತಡೆಗೋಡೆಯಿಲ್ಲದ ಮಾಳಿಗೆಯಲ್ಲಿ ಮಲಗುವುದರ ಕುರಿತು ಪ್ರವಾದಿ(ಸ) ಎಚ್ಚರಿಸಿದ್ದಾರೆ (ಅಬೂದಾವೂದ್). ನಿದ್ದೆಗಣ್ಣಿನಲ್ಲಿ ಎದ್ದು ನಡೆಯುವ ಮಕ್ಕಳಿರುವ ಮನೆಗಳಲ್ಲಿ ಇದನ್ನು ಮರೆಯಲೇಬಾರದು.

ಪುಟ್ಟ ಕೂಸುಗಳ ವಿಷಯ ಬೇರೆ

ಒಂದು ವರ್ಷದೊಳಗಿನ ಕೂಸಿಗೆ ಹಿತಕ್ಕಿಂತ ಸುರಕ್ಷಿತತೆ ಮುಖ್ಯ. ಕೂಸನ್ನು ಯಾವಾಗಲೂ ಅಂಗಾತ ಮಲಗಿಸಬೇಕು. ಅಮೆರಿಕದಲ್ಲಿ 1994ರಿಂದ ಈ ಬಗ್ಗೆ ದೊಡ್ಡ ಪ್ರಚಾರ ನಡೆಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ನಿದ್ದೆಯಲ್ಲಿ ಕೂಸುಗಳು ಹಠಾತ್ತನೆ ಮರಣಹೊಂದುವ ಪ್ರಮಾಣ ಅರ್ಧದಷ್ಟು ಇಳಿಯಿತು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ದಿಂಬು, ದಪ್ಪ ಹೊದಿಕೆ, ಗೊಂಬೆಗಳು ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆಯ ದಿಂಬೂ ಬೇಡ. ಎಚ್ಚರವಿರುವಾಗ ನಿಮ್ಮ ಕಣ್ಣೆದುರು ಕೂಸನ್ನು ಬೋರಲಾಗಿ ಆಡಿಸಿದರೆ ತಲೆ ಚಪ್ಪಟೆಯಾಗುವುದು ತಪ್ಪುತ್ತದೆ. ಮೊದಲ ಆರು ತಿಂಗಳಾದರೂ ಕೂಸು ನಿಮ್ಮ ಕೋಣೆಯಲ್ಲೇ, ನಿಮ್ಮ ಕೈಗೆಟಕುವಷ್ಟು ಹತ್ತಿರ, ಆದರೆ ತನ್ನದೇ ಹಾಸಿಗೆಯಲ್ಲಿ ಇರಲಿ.

ಸೀರೆಯ ಜೋಲಿಯಲ್ಲಿ ಕೂಸು ಬೇಗ ಮಲಗುತ್ತದೆ, ನಿಜ. ಆದರೆ ಅದರಲ್ಲಿ ಕೂಸಿನ ಗದ್ದ ಎದೆಗೆ ತಾಗಿ ಉಸಿರಿಗೆ ತೊಂದರೆಯಾಗಬಹುದು. ನಿದ್ದೆ ಹಿಡಿದೊಡನೆ ಸಮತಟ್ಟಾದ ಹಾಸಿಗೆಗೆ ಬದಲಿಸಿ. ಎಚ್ಚರವಾದಾಗ ಜಾಗ ಕಂಡು ಅತ್ತರೂ ಚಿಂತಿಲ್ಲ, ಉಸಿರು ದೊಡ್ಡದು. ದೊಡ್ಡ ಮಕ್ಕಳು ಜೋಲಿಯಲ್ಲಿ ತಿರುಗಿ ಆಡುವಾಗ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಕೂಸಿಲ್ಲದಾಗ ಅದನ್ನು ಬಿಚ್ಚಿಡಿ. ಕೊರಳಿಗೆ ಕಟ್ಟಿದ ಕರಿದಾರ, ತಾಯಿತಗಳಿಗೂ ಇದೇ ಮಾತು. ನಿದ್ದೆಯಲ್ಲಿ ಬಿಗಿಯುವ ದಾರ ಮಗುವನ್ನು ರಕ್ಷಿಸಲಾರದು. ಪ್ರವಾದಿ(ಸ) ತಮ್ಮ ಮೊಮ್ಮಕ್ಕಳಾದ ಹಸನ್ ಮತ್ತು ಹುಸೈನ್‌ರಿಗಾಗಿ ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದರು (ಬುಖಾರಿ). ನಮಗೂ ಅದೇ ದಾರಿ.

ಬೇರೆ ಮಲಗಿಸುವುದು ಹೇಗೆ?

ಹತ್ತು ವರ್ಷಕ್ಕೆ ಮಕ್ಕಳ ಹಾಸಿಗೆಗಳನ್ನು ಬೇರ್ಪಡಿಸಬೇಕೆಂಬ ಹದೀಸ್ ನಿಮಗೆ ತಿಳಿದಿದೆ (ಅಬೂದಾವೂದ್). ಆ ವಯಸ್ಸು ಬಂದ ದಿನ ಒಮ್ಮೆಲೇ ಬೇರ್ಪಡಿಸಿದರೆ ಮಗು ಕಂಗಾಲಾಗುತ್ತದೆ. ಐದಾರು ವರ್ಷದಿಂದಲೇ ತಯಾರಿ ಆರಂಭಿಸಿ. ಮೊದಲು ಅದೇ ಕೋಣೆಯಲ್ಲಿ ಬೇರೆ ಹಾಸಿಗೆ ಹಾಸಿ. ನಿದ್ದೆ ಹಿಡಿಯುವ ತನಕ ಪಕ್ಕದಲ್ಲಿ ಕುಳಿತಿರಿ. ಕೆಲವು ದಿನಗಳ ಬಳಿಕ ಸ್ವಲ್ಪ ದೂರ ಕುಳಿತುಕೊಳ್ಳಿ, ಮತ್ತೆ ಕೆಲವು ದಿನಗಳ ಬಳಿಕ ಬಾಗಿಲ ಬಳಿ. ರಾತ್ರಿ ಎದ್ದು ಬಂದರೆ ಬೈಯದೆ, ಹೆಚ್ಚು ಮಾತಾಡದೆ, ಕೈಹಿಡಿದು ಅದರ ಜಾಗಕ್ಕೆ ಮರಳಿಸಿ. ಒಂದು ರಾತ್ರಿ ಮರಳಿಸಿ, ಇನ್ನೊಂದು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡರೆ ಮಗುವಿಗೆ ಗೊಂದಲವಾಗುತ್ತದೆ. ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ಕೋಣೆ ಒಂದೇ ಇರುವ ಮನೆಯಾದರೆ ಬೇರೆ ಬೇರೆ ಚಾಪೆ, ಬೇರೆ ಬೇರೆ ಹೊದಿಕೆ, ನಡುವೆ ಒಂದು ಪರದೆ ಸಾಕಾಗುತ್ತದೆ.

ಹೊತ್ತಿಗೂ ಒಂದು ನೆಲೆ

ಜಾಗದಂತೆ ಹೊತ್ತೂ ಸ್ಥಿರವಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗದರ್ಶನದಂತೆ ಒಂದೆರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ಬೇಕೆಂದು ಅಮೆರಿಕದ ನಿದ್ರಾ ತಜ್ಞರ ಸಂಸ್ಥೆ 2016ರಲ್ಲಿ ಹೇಳಿದೆ. ಬೆಳಗ್ಗೆ ಆರಕ್ಕೆ ಎದ್ದು ಮದ್ರಸಾಕ್ಕೆ ಹೋಗಬೇಕಾದ ಏಳು ವರ್ಷದ ಮಗು ರಾತ್ರಿ ಒಂಬತ್ತಕ್ಕಾದರೂ ಮಲಗಿರಬೇಕಲ್ಲವೇ?

ಇಶಾದ ಬಳಿಕ ಅನಗತ್ಯ ಮಾತುಕತೆಯನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ (ಬುಖಾರಿ). ಈ ಚರ್ಯೆ ನಮ್ಮ ಮನೆಗಳಿಗೆ ಮರಳಿದರೆ ಮಕ್ಕಳ ನಿದ್ದೆಯೂ ಮರಳುತ್ತದೆ. ಮಗ್ರಿಬ್‌ನ ಬಳಿಕ ಓದು, ಊಟ. ಆಮೇಲೆ ಹಲ್ಲುಜ್ಜುವುದು, ವುಝೂ, ಹಾಸಿಗೆ ಕೊಡವುವುದು, ಬಲಮಗ್ಗುಲಿಗೆ ಮಲಗಿ ದುಆ. ದಿನವೂ ಇದೇ ಕ್ರಮವಿದ್ದರೆ ಮುಂದೆ ನಿದ್ದೆಯೆಂದು ಮಗುವಿನ ಮೈಗೇ ತಿಳಿಯುತ್ತದೆ. ಮೊಬೈಲ್ ಮಲಗುವುದಕ್ಕೆ ಒಂದು ಗಂಟೆ ಮೊದಲೇ ಕೋಣೆಯಿಂದ ಹೊರಗಿರಲಿ, ನಿಮ್ಮದೂ ಕೂಡ. ರಮಝಾನ್‌ನಲ್ಲಿ ತರಾವೀಹ್, ಸಹರಿಗಳಿಂದ ಹೊತ್ತು ಏರುಪೇರಾಗುವುದು ಸಹಜ. ಆಗಲೂ ಪುಟ್ಟ ಮಕ್ಕಳ ಜಾಗವನ್ನು ಸಹರಿಯ ಪಾತ್ರೆಗಳ ಸದ್ದಿನಿಂದ ದೂರವಿಡಿ.

ವೈದ್ಯರನ್ನು ಯಾವಾಗ ಕಾಣಬೇಕು?

ಎಲ್ಲವನ್ನೂ ಸರಿಪಡಿಸಿದ ಮೇಲೂ ನಿದ್ದೆ ಬಾರದಿದ್ದರೆ ಅದು ಜಾಗದ ದೋಷವಲ್ಲ. ದಿನವೂ ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ, ನಿದ್ದೆಯಲ್ಲಿ ಉಸಿರು ನಿಂತಂತಾಗುವ ಮಗುವಿಗೆ ಟಾನ್ಸಿಲ್ ಅಥವಾ ಅಡಿನಾಯ್ಡ್ ತೊಂದರೆ ಇರಬಹುದು. ರಾತ್ರಿ ಗುದದ್ವಾರ ಕೆರೆದುಕೊಳ್ಳುವುದು ದಾರದಂತಹ ಹುಳುಗಳ ಲಕ್ಷಣ. ಕಾಲುಗಳನ್ನು ಸುಮ್ಮನೆ ಇಡಲಾಗದೆ ಒದ್ದಾಡುವ ಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ ಇರಬಹುದು. ಮಲಗಿದ ಒಂದೆರಡು ಗಂಟೆಯೊಳಗೆ ಕಿರುಚಿ ಎದ್ದು, ನಿಮ್ಮನ್ನೂ ಗುರುತಿಸದೆ, ಬೆಳಗ್ಗೆ ಎಲ್ಲವನ್ನೂ ಮರೆಯುವ ಮಕ್ಕಳೂ ಇದ್ದಾರೆ. ಇದು ಶೈತಾನನ ಬಾಧೆಯಲ್ಲ. ಗಾಢ ನಿದ್ದೆಯಿಂದ ಅರ್ಧ ಮಾತ್ರ ಎಚ್ಚರವಾಗುವುದರಿಂದ ಹೀಗಾಗುತ್ತದೆ. ಅಲುಗಾಡಿಸಿ ಎಬ್ಬಿಸದೆ, ಬೀಳದಂತೆ ನೋಡಿಕೊಂಡರೆ ಸಾಕು. ಬೆಳೆದಂತೆ ಹೆಚ್ಚಿನವರಲ್ಲಿ ತಾನಾಗಿ ನಿಲ್ಲುತ್ತದೆ. ಪದೇ ಪದೇ ಆಗುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಒಂದು ತಪ್ಪನ್ನಂತೂ ಮಾಡಬೇಡಿ. ನಿದ್ದೆ ಬರಲೆಂದು ಶೀತ, ಕೆಮ್ಮಿನ ಸಿರಪ್ ಕುಡಿಸಬೇಡಿ. ಶೀತದ ಸಿರಪ್‌ಗಳಲ್ಲಿ ಸಾಮಾನ್ಯವಾಗಿರುವ ಒಂದು ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆಯೇ ಮುದ್ರಿಸುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ.

ಸಹೋದರಿಯರೇ, ಮಗುವಿಗೆ ಆಸ್ತಿ ಬರೆದಿಡುವ ಬಗ್ಗೆ ನಾವು ಯೋಚಿಸುತ್ತೇವೆ. ಅದಕ್ಕಿಂತ ಮೊದಲು ಮನೆಯೊಳಗೆ ಮೂರು ಅಡಿ ಅಗಲದ ಒಂದು ಜಾಗ ಅದಕ್ಕೆ ಬೇಕು. ಯಾರು ಬಂದರೂ, ಯಾರು ಹೋದರೂ ಅದು ಆ ಮಗುವಿನದೇ ಆಗಿರಬೇಕು. ಇಂದು ರಾತ್ರಿ ಮಗುವಿನ ಕೈಹಿಡಿದು ಮನೆಯನ್ನೊಮ್ಮೆ ಸುತ್ತಿ, ಅದರೊಂದಿಗೆ ಆ ಜಾಗವನ್ನು ಆರಿಸಿ. ನಮ್ಮ ಮಕ್ಕಳ ರಾತ್ರಿಗಳನ್ನು ಅಲ್ಲಾಹನು ನೆಮ್ಮದಿಯದ್ದಾಗಿಸಲಿ, ಆಮೀನ್.