ಒರ್ವಿಯೆಟೊ: ಬಂಡೆಯ ಮೇಲಿನ ಊರು, ಬಂಡೆಯಾಳದ ನೀರು

ಇಟಲಿಯ ರೋಮ್ ಮತ್ತು ಫ್ಲಾರೆನ್ಸ್ ನಗರಗಳ ನಡುವೆ, ಉಂಬ್ರಿಯಾ ಪ್ರಾಂತದ ನೈಋತ್ಯ ಭಾಗದಲ್ಲಿರುವ ಒರ್ವಿಯೆಟೊ, ಸುತ್ತಲೂ ಕಡಿದಾದ ಪ್ರಪಾತಗಳಿರುವ ಚಪ್ಪಟೆ ನೆತ್ತಿಯ ಬಂಡೆಯೊಂದರ ಮೇಲೆ ನೆಲೆನಿಂತ ಪುರಾತನ ಪಟ್ಟಣ. ಜ್ವಾಲಾಮುಖಿಗಳು ಉಗುಳಿದ ಬೂದಿಯು ಪದರಪದರವಾಗಿ ಬಿದ್ದು ಗಟ್ಟಿಗೊಂಡು ಉಂಟಾದ 'ಟಫ್' ಎಂಬ ಈ ಶಿಲೆಯನ್ನು ಕೈಹತ್ಯಾರಗಳಿಂದಲೇ ಸುಲಭವಾಗಿ ಕೊರೆಯಬಹುದು. ಶತ್ರುಗಳಿಂದ ರಕ್ಷಣೆ ನೀಡಿದ ಎತ್ತರವು ನೀರನ್ನು ಮಾತ್ರ ನೀಡದಿದ್ದುದರಿಂದ, ಇಲ್ಲಿನ ಚರಿತ್ರೆಯ ದೊಡ್ಡ ಭಾಗವು ಬಂಡೆಯನ್ನು ಕೊರೆದು ನೀರನ್ನು ಅರಸಿದ ಚರಿತ್ರೆಯೇ ಆಗಿದೆ.

ರೋಮನ್ನರ ಏಳಿಗೆಗೆ ಮೊದಲು ಮಧ್ಯ ಇಟಲಿಯಲ್ಲಿ ಪ್ರಬಲರಾಗಿದ್ದ ಎಟ್ರಸ್ಕನ್ನರ ವೆಲ್ಜ್ನಾ ನಗರವು ಇದೇ ಸ್ಥಳದಲ್ಲಿತ್ತೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಕ್ರಿ.ಪೂ. 264ರಲ್ಲಿ ರೋಮನ್ ಸೈನ್ಯವು ಅದನ್ನು ನಾಶಮಾಡಿ, ಅಳಿದುಳಿದವರನ್ನು ಬೊಲ್ಸೆನಾ ಸರೋವರದ ಬಳಿಗೆ ಸ್ಥಳಾಂತರಿಸಿತು. ಆ ನಗರದ ಮನೆಗಳು ಅಳಿದರೂ ಬಂಡೆಯ ಬುಡದಲ್ಲಿ ಕ್ರಿ.ಪೂ. 6ನೆಯ ಶತಮಾನದ ಸಮಾಧಿಗಳು ಓಣಿಗಳ ಇಕ್ಕೆಲಗಳಲ್ಲಿ ಮನೆಗಳಂತೆ ಸಾಲಾಗಿ ಉಳಿದಿವೆ. ಅವುಗಳ ಬಾಗಿಲ ಮೇಲಿನ ಅಡ್ಡಗಲ್ಲುಗಳಲ್ಲಿ ಮನೆತನದ ಹೆಸರುಗಳನ್ನು ಇಂದಿಗೂ ಓದಬಹುದು.

ಪ್ರವಾಸಿಗರನ್ನು ಇಲ್ಲಿಗೆ ಸೆಳೆಯುವುದು ಮುಖ್ಯವಾಗಿ 1290ರಲ್ಲಿ ಆರಂಭವಾದ ಮಹಾದೇವಾಲಯ. ಕಪ್ಪು ಮತ್ತು ಬಿಳಿ ಕಲ್ಲುಗಳ ಪಟ್ಟಿಗಳಿಂದ ಕಟ್ಟಿದ ಈ ಚರ್ಚಿನ ಮುಂಭಾಗವನ್ನು 1310ರಲ್ಲಿ ಹೊಣೆ ವಹಿಸಿಕೊಂಡ ಲೊರೆಂಜೊ ಮೈತಾನಿ ರೂಪಿಸಿದನು. ಒಳಗಿನ ಸ್ಯಾನ್ ಬ್ರಿಜಿಯೊ ಪ್ರಾರ್ಥನಾ ಮಂದಿರದಲ್ಲಿ ಫ್ರಾ ಆಂಜೆಲಿಕೊ 1447ರಲ್ಲಿ ಆರಂಭಿಸಿ ಬಿಟ್ಟುಹೋದ ಭಿತ್ತಿಚಿತ್ರಗಳನ್ನು ಲೂಕಾ ಸಿನ್ಯೊರೆಲ್ಲಿ 1499ರ ನಂತರ ಪೂರ್ಣಗೊಳಿಸಿದನು. ಲೋಕಾಂತ್ಯದಲ್ಲಿ ನೆಲದಿಂದ ಮೇಲೇಳುವ ಮೃತರ ಸ್ನಾಯು, ಮೂಳೆಗಳನ್ನು ಅವನು ಚಿತ್ರಿಸಿರುವ ಬಗೆಯು ಮಾನವ ದೇಹದ ಚಿತ್ರಣದಲ್ಲಿ ಮೈಕೆಲೇಂಜೆಲೊವಿನ ಅಂತಿಮ ತೀರ್ಪಿನ ಚಿತ್ರಕ್ಕೆ ದಾರಿಮಾಡಿದ ಸಾಧನೆಯೆಂದೇ ಪರಿಗಣಿಸಬೇಕು.

ಆದರೂ ಈ ಊರಿನ ಬುದ್ಧಿವಂತಿಕೆಯನ್ನು ಅರಿಯಲು ನೆಲದಡಿಗೆ ಇಳಿಯಲೇಬೇಕು. ಎಟ್ರಸ್ಕನ್ನರು ಅಂತರ್ಜಲಕ್ಕಾಗಿ ಇಕ್ಕಟ್ಟಾದ ಆಯತಾಕಾರದ ಬಾವಿಗಳನ್ನು ಕೊರೆದು, ಹತ್ತಿ ಇಳಿಯಲು ಗೋಡೆಗಳಲ್ಲೇ ಕಾಲಿಡುವ ಗೂಡುಗಳನ್ನು ಕಡೆದರು. ಮುಂದಿನ ತಲೆಮಾರುಗಳು ಕಲ್ಲು ತೆಗೆದ ಗುಹೆಗಳನ್ನೇ ಉಗ್ರಾಣಗಳಾಗಿ, ಎಣ್ಣೆ ಗಾಣಗಳಾಗಿ ಬಳಸಿಕೊಂಡವು. ಆಹಾರಕ್ಕಾಗಿ ಪಾರಿವಾಳ ಸಾಕಲು ಗೋಡೆಗಳ ತುಂಬ ಚೌಕಾಕಾರದ ಗೂಡುಗಳನ್ನೂ ಕೊರೆದವು. ಇಂಥ 1,000ಕ್ಕೂ ಹೆಚ್ಚು ಗುಹೆಗಳು ಪಟ್ಟಣದ ಅಡಿಯಲ್ಲಿವೆ.

ಈ ಪರಂಪರೆಯ ಶಿಖರವೆನ್ನಬಹುದಾದುದು ಸೇಂಟ್ ಪ್ಯಾಟ್ರಿಕ್ ಬಾವಿ. 1527ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಪಡೆಗಳು ರೋಮ್ ನಗರವನ್ನು ಸೂರೆಮಾಡಿದಾಗ ಇಲ್ಲಿ ಆಶ್ರಯ ಪಡೆದ ಪೋಪ್ ಏಳನೆಯ ಕ್ಲೆಮೆಂಟ್, ಮುತ್ತಿಗೆ ಬಿದ್ದರೆ ನೀರಿಗೆ ಕೊರತೆಯಾಗದಿರಲೆಂದು ಅದನ್ನು ತೋಡಿಸಲು ವಾಸ್ತುಶಿಲ್ಪಿ ಕಿರಿಯ ಅಂತೋನಿಯೊ ದ ಸಂಗಾಲೊನನ್ನು ನಿಯೋಜಿಸಿದನು. ಕೆಲಸ 1537ರಲ್ಲಿ ಮುಗಿಯಿತು. ಸುಮಾರು 13 ಮೀಟರ್ ಅಗಲ, 50 ಮೀಟರಿಗೂ ಹೆಚ್ಚು ಆಳವಿರುವ ಈ ಬಾವಿಯ ಮೇಲ್ಭಾಗ ಟಫ್ ಶಿಲೆಯಲ್ಲಿ ಕೊರೆದದ್ದು. ಜೇಡಿಮಣ್ಣು ಸಿಗುವ ಕೆಳಭಾಗಕ್ಕೆ ಇಟ್ಟಿಗೆ ಕಟ್ಟಲಾಗಿದೆ. ತಲಾ 248 ಮೆಟ್ಟಿಲುಗಳ ಎರಡು ದಾರಿಗಳು ಎಲ್ಲಿಯೂ ಕೂಡದೆ ಒಂದರ ಮೇಲೊಂದು ಸುತ್ತುತ್ತ ಇಳಿಯುವುದರಿಂದ, ಕೆಳಗಿಳಿಯುವ ಹೇಸರಗತ್ತೆಗಳು ತಳದ ಕಿರುಸೇತುವೆಯನ್ನು ದಾಟಿ, ನೀರು ಹೊತ್ತು, ಎದುರು ಬರುವ ಪ್ರಾಣಿಗಳಿಗೆ ಅಡ್ಡಿಯಾಗದೆ ಇನ್ನೊಂದು ದಾರಿಯಿಂದ ಮೇಲೇರುತ್ತಿದ್ದವು. ನಡುವಿನ ಬಾವಿಯತ್ತ ತೆರೆದ ಕಿಟಕಿಗಳು ಮೇಲಿನ ಬೆಳಕನ್ನು ಮೆಟ್ಟಿಲುಗಳಿಗೆ ಹಾಯಿಸುತ್ತವೆ.

20ನೆಯ ಶತಮಾನದ ಹೊತ್ತಿಗೆ ನೀರಿನ ಪ್ರಶ್ನೆಯೇ ತಿರುಗಿ ನಿಂತಿತು. ಬಂಡೆಯ ಅಂಚುಗಳು ಕುಸಿಯತೊಡಗಿ, ಕೊಳವೆ ಹಾಗೂ ಚರಂಡಿಗಳಿಂದ ಸೋರುವ ನೀರೂ ಶಿಲೆಯನ್ನು ದುರ್ಬಲಗೊಳಿಸುವುದು ಕಂಡುಬಂದಾಗ, ಸರ್ಕಾರವು ವಿಶೇಷ ಕಾನೂನು ತಂದು, ಪ್ರಪಾತದ ಗೋಡೆಗಳಿಗೆ ಉಕ್ಕಿನ ಸರಳುಗಳನ್ನು ಹೂಡಿಸಿ, ಊರಿನ ಚರಂಡಿ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿಸಿತು.